ಎದುರಿನ ಗೂಟ

ನವೆಂಬರ್ 3, ಸೋಮವಾರ

ಹಿಟ್ಟು ಕಲಸಿಟ್ಟು ಕೂತಿದ್ದೇನೆ. ಚರ್ಚಿನ ಪೂಜೆಯಲ್ಲಿ ಹಂಚುವ ತೆಳು ರೊಟ್ಟಿ, ಆ ಓಸ್ತಿ ಸುಡುವ ಕಬ್ಬಿಣದ ಅಚ್ಚು ಕಾಯಲು ಇನ್ನೂ ಹೊತ್ತಿದೆ. ಅಷ್ಟರಲ್ಲಿ ಇದನ್ನು ಮುಗಿಸಬೇಕು.

ಬೈಬಲಿನ ಇಂದಿನ ಶುಭಸಂದೇಶ: ಊಟಕ್ಕೆ ಕರೆಯುವುದಾದರೆ ನಿನ್ನನ್ನು ತಿರುಗಿ ಕರೆಯಲಾರದವರನ್ನು ಕರೆ. ಇದನ್ನು ಇಂದು ಹೇಗೆ ಬದುಕಲಿ? — ಎದುರುಮನೆಯ ದರ್ಜಿಯನ್ನು ಕರೆಯುತ್ತೇನೆ. ಒಂಟಿ ಮನುಷ್ಯ.

ಸಂಜೆ. ಕರೆದೆ. ಬಂದ. ಉಪ್ಪು ಕಡಿಮೆ ಅಂದ. ಇನ್ನು ಕರೆಯುವುದಿಲ್ಲ.

ಇದೆಲ್ಲ ಧ್ಯಾನಕೂಟದ ಗುರುಗಳು ಹತ್ತಿಸಿದ ಹುಚ್ಚು. ಬೆಳಿಗ್ಗೆ ಆ ದಿನದ ವಾಚನ ಓದು, ಒಂದು ಸಾಲು ಬರೆ, ಅಂದೇ ಅದರಂತೆ ಬದುಕು. ಮುಂದಿನ ಪುಟ ತಿರುಗಿಸಬೇಡ. ಜೊತೆಯಲ್ಲೇ ಇರುವ ತಂಗಿಗೆ ಇದರ ಗೊಡವೆಯೇ ಇಲ್ಲ. ಓದದೆಯೇ ಬದುಕುತ್ತಾಳೆ. ಹೊಟ್ಟೆ ಉರಿಯುತ್ತದೆ.

ನವೆಂಬರ್ 10, ಸೋಮವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಬದುಕಲಿಲ್ಲ.

ಇಂದಿನದು: ತಪ್ಪು ಮಾಡಿದವನು ದಿನಕ್ಕೆ ಏಳು ಸಲ ಬಂದು ತಪ್ಪಾಯಿತು ಅಂದರೆ ಏಳು ಸಲವೂ ಕ್ಷಮಿಸು. ಸದ್ಯ, ಇವತ್ತು ಯಾರೂ ಬರುವವರಿಲ್ಲ.

ಸಂಜೆ. ಮನೆಯ ಹಿಟ್ಟಿನ ಗಿರಣಿಯ ಮೋಟಾರ್ ಸುಟ್ಟುಹೋಯಿತು. ಸುಟ್ಟವನು ರಿಪೇರಿಯವನೇ. ಸರಿ ಮಾಡಲು ಬಂದವನು ವೈರು ಅದಲುಬದಲು ಕೊಟ್ಟ. ತಪ್ಪಾಯ್ತಕ್ಕಾ ಅಂದ. ಹೋದ. ಸ್ಕ್ರೂಡ್ರೈವರ್ ಮರೆತೆ ಅಂತ ಬಂದ, ತಪ್ಪಾಯ್ತಕ್ಕಾ. ಆಮೇಲೆ ಟೆಸ್ಟರ್. ಆಮೇಲೆ ಹೆಲ್ಮೆಟ್. ಆಮೇಲೆ ಫೋನ್. ಆಮೇಲೆ ಬೈಕಿನ ಕೀ. ನನ್ನ ಕೋಪ ಮೂಗಿನ ತುದಿಗೆ ಬಂದಿತ್ತು. ಕೊನೆಗೆ ಕೈಯಲ್ಲಿ ಏನೂ ಇಲ್ಲದೆ, ಏನೂ ಮರೆಯದೆ, ಸುಮ್ಮನೆ ಬಂದು ಬಾಗಿಲಲ್ಲಿ ನಿಂತ. "ತಪ್ಪಾಯ್ತಕ್ಕಾ."

"ಆಯ್ತು ಮಾರಾಯ, ಕ್ಷಮಿಸಿದೀನಿ, ಮನೆಗೆ ಹೋಗು" ಅಂದೆ.

ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ಏಳನೇ ಸಲ ಕಣಕ್ಕಾ. ನಾನು ಎಣಿಸ್ತಾ ಇದ್ದೆ."

ಅವಳು ಇಂದಿನ ವಾಚನ ಓದಿಲ್ಲ. ಕೇಳಿದೆ. ಓದಿಲ್ಲವಂತೆ.

ಹೊಸ ಮೋಟಾರ್ ಬರುವುದು ಮುಂದಿನ ವಾರ. ಡಬ್ಬಿಯಲ್ಲಿ ಹಿಟ್ಟಿಲ್ಲ. ಭಾನುವಾರ ನಮ್ಮ ಚರ್ಚಿಗೂ ಸುತ್ತಲಿನವಕ್ಕೂ ಓಸ್ತಿ ನಮ್ಮಿಂದಲೇ ಹೋಗಬೇಕು. ಅಂಗಡಿ ಹಿಟ್ಟು ಆಗದು, ಏನು ಬೆರೆಸಿರುತ್ತಾರೋ. ಓಸ್ತಿಗೆ ಬರೀ ಗೋಧಿ, ಬರೀ ನೀರು. ಹಿಂದಿನ ಕೋಣೆಯಿಂದ ಅಮ್ಮನ ಕಾಲದ ಬೀಸುವ ಕಲ್ಲು ಎಳೆದು ತಂದೆವು. ದೊಡ್ಡ ಕಲ್ಲು. ಎರಡು ಗೂಟ. ಇಬ್ಬರು ಎದುರುಬದುರು ಕೂತು ತಿರುಗಿಸಬೇಕು. ಗೋಧಿ ತೊಳೆದು ಹರವಿದ್ದೇವೆ. ಒಣಗಿದ ಮೇಲೆ, ಶುಕ್ರವಾರ ಬೀಸುವುದು.

ನವೆಂಬರ್ 11, ಮಂಗಳವಾರ

ಇಂದಿನದು: ಹೊಲದಿಂದ ದಣಿದು ಬಂದ ಆಳಿಗೆ ಯಜಮಾನ ಕೂತು ಉಣ್ಣು ಅನ್ನುತ್ತಾನೆಯೇ? ಮೊದಲು ನನಗೆ ಬಡಿಸು, ಆಮೇಲೆ ನೀನು ಅನ್ನುತ್ತಾನೆ. ಈ ವಾಚನ ನನಗೆ ಎಂದೂ ಹಿಡಿಸಿಲ್ಲ.

ಮಧ್ಯಾಹ್ನ. ಮೊದಲೇ ಸುಟ್ಟಿಟ್ಟಿದ್ದ ಓಸ್ತಿ ಡಬ್ಬಿಗಳನ್ನು ತಲುಪಿಸಿ ಇಬ್ಬರೂ ಸುಸ್ತಾಗಿ ಬಂದೆವು. ಕೆಲಸದ ಕೋಣೆಯಲ್ಲಿ, ನಮ್ಮ ಬೆಂಚಿನ ಮೇಲೆ, ಒಬ್ಬ ಹೆಂಗಸು. ವಯಸ್ಸು ಹೇಳಲಾಗದು. ಬೀಗ ನಾನೇ ತೆಗೆದೆ ಅಂತ ನನ್ನ ನೆನಪು. ತಂಗಿ ಹಾಕಿರಲೇ ಇಲ್ಲ ಅನ್ನುತ್ತಾಳೆ.

"ಮೊದ್ಲು ನನಗೆ ಬಡಿಸಮ್ಮಾ. ಆಮೇಲೆ ನೀವು ತಿನ್ನಿ."

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಬಡಿಸಿದೆ. ನಿಧಾನಕ್ಕೆ ಉಂಡಳು. ತಂಗಿ ನೀರು ಕೊಟ್ಟಾಗ ಆ ಹೆಂಗಸು ಅವಳ ತಲೆ ಸವರಿದಳು. ಹೋಗುವಾಗ ಕಲ್ಲಿನ ಹತ್ತಿರ ನಿಂತು, "ಇದಕ್ಕೆ ಇಬ್ಬರು ಬೇಕಲ್ವಾ" ಅಂದಳು.

ಅವಳ ಕೈ ನೋಡಿದೆ. ಬೆರಳ ಸಂದುಗಳಲ್ಲಿ ಹಿಟ್ಟು. ಹೊಸ ಹಿಟ್ಟು. ನಾವಿನ್ನೂ ಬೀಸಿಲ್ಲ.

"ಯಾರಕ್ಕಾ ಅವರು?" ಅಂತ ತಂಗಿ ಕೇಳಿದಳು.

"ನಿನ್ನ ತಲೆ ಸವರಿದ್ರಲ್ಲ, ನಿನಗೇ ಗೊತ್ತಿರ್ಬೇಕು" ಅಂದೆ.

ನವೆಂಬರ್ 12, ಬುಧವಾರ

ಇಂದಿನದು: ಹತ್ತು ಕುಷ್ಠರೋಗಿಗಳು ಗುಣವಾದರು. ಥ್ಯಾಂಕ್ಸ್ ಹೇಳಲು ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದರು. ಬೆಳಿಗ್ಗೆಯೇ ಮನಸ್ಸು ಸರಿಯಿರಲಿಲ್ಲ. ಏನೂ ಬರೆಯಲಿಲ್ಲ.

ಸಂಜೆ. ಓಸ್ತಿ ಕತ್ತರಿಸಿ ಉಳಿದ ಚೂರುಗಳನ್ನು ಪೊಟ್ಟಣ ಕಟ್ಟಿ ಕಿಟಕಿಯಲ್ಲಿ ಹಂಚುತ್ತೇವೆ. ಹೆಚ್ಚಾಗಿ ಸ್ಕೂಲು ಮಕ್ಕಳು ಬರುತ್ತವೆ. ಇವತ್ತು ಹತ್ತು ಜನ ದೊಡ್ಡವರ ಗುಂಪು. ಯಾರೂ ಮಾತಾಡಲಿಲ್ಲ. ಕೈ ಚಾಚಿದರು, ತೆಗೆದುಕೊಂಡರು, ಹೋದರು. ಕಟ್ಟಿದ್ದಷ್ಟೂ ಖಾಲಿ.

ಕಿಟಕಿ ಮುಚ್ಚುವಾಗ ಒಬ್ಬ ತಿರುಗಿ ಬಂದ. ಬಗ್ಗಿ ನಮಸ್ಕಾರ ಮಾಡಿದ. ಅವನು ಅಲ್ಲಿಂದ ಕದಲಲಿಲ್ಲ.

"ಉಳಿದವರೆಲ್ಲಿ ಅಂತ ಕೇಳಿ" ಅಂದ.

"ನಾನ್ಯಾಕಪ್ಪ ಕೇಳ್ಲಿ?"

"ಇವತ್ತು ಕೇಳ್ಬೇಕಲ್ವಾ."

ಕೇಳಿದೆ. ಅವನು ತಲೆಯಾಡಿಸಿದ, ಕೆಲಸ ಮುಗಿದವರ ಹಾಗೆ, ಹೊರಟುಹೋದ.

ಅವನು ಹೋದ ಮೇಲೆ ಮಾಡಬಾರದ್ದು ಮಾಡಿದೆ. ಮುಂದಿನ ಪುಟ ತಿರುಗಿಸಿದೆ. ಗುರುವಾರದ್ದು: ದೇವರ ರಾಜ್ಯ ಇಗೋ ಇಲ್ಲಿ, ಅಗೋ ಅಲ್ಲಿ ಎಂದು ತೋರಿಸುವಂತೆ ಬರುವುದಿಲ್ಲ. ಅದು ಸರಿ. ಶುಕ್ರವಾರದ್ದು: ಇಬ್ಬರು ಹೆಂಗಸರು ಜೊತೆಯಲ್ಲಿ ಬೀಸುತ್ತಿರುತ್ತಾರೆ. ಒಬ್ಬಳನ್ನು ಒಯ್ಯಲಾಗುವುದು. ಇನ್ನೊಬ್ಬಳು ಉಳಿಯುವಳು.

ಒಯ್ಯುವುದಾದರೆ ತಂಗಿಯನ್ನೇ. ಈ ಮನೆಯಲ್ಲಿ ಒಳ್ಳೆಯವಳು ಅವಳು. ನನ್ನನ್ನು ಯಾರು ಒಯ್ಯುತ್ತಾರೆ?

ಪಕ್ಕದ ಕೋಣೆಯಲ್ಲಿ ಕಬ್ಬಿಣ ಉಜ್ಜುತ್ತ ಏನೋ ಗುನುಗುತ್ತಿದ್ದಾಳೆ. ರಾಗ ತಪ್ಪಾಗಿದೆ. ಇವತ್ತು ತಿದ್ದುವುದಿಲ್ಲ.

ನವೆಂಬರ್ 14, ಶುಕ್ರವಾರ. ಬೆಳಿಗ್ಗೆ ಆರು

ನಿನ್ನೆ ಬರೆಯಲು ಕೈ ಏಳಲಿಲ್ಲ.

ಗುರುಗಳ ಹತ್ತಿರ ಹೋಗಿದ್ದೆ. ನಕ್ಕರು. "ಶುಭಸಂದೇಶ ಅಂದ್ರೆ ದಿನಭವಿಷ್ಯ ಅಲ್ಲಮ್ಮ. ಹೋಗಿ ಚೆನ್ನಾಗಿ ನಿದ್ದೆ ಮಾಡಿ." ಅವರಿಗೇನು, ಅವರ ತಂಗಿ ವಿದೇಶದಲ್ಲಿದ್ದಾಳೆ.

ಬೀಸದೆ ಬಿಡುವಂತಿಲ್ಲ. ಸುಡಲು, ಕತ್ತರಿಸಲು ಶನಿವಾರ ಪೂರ್ತಿ ಬೇಕು. ಹಾಗಾಗಿ ಬುದ್ಧಿ ಓಡಿಸಿದೆ. ವಾಚನದಲ್ಲಿ ಹೇಳಿರುವುದು ಇಬ್ಬರು ಅಂತ. ಒಬ್ಬಳೇ ಕೂತರೆ ಒಯ್ಯಲು ಬಂದವರು ಯಾರಲ್ಲಿ ಯಾರನ್ನು ಆರಿಸುತ್ತಾರೆ? ನಿನ್ನೆ ಕತ್ತಲಾಗುವ ಮೊದಲೇ ತಂಗಿಯನ್ನು ಚಿಕ್ಕಮ್ಮನ ಮನೆಗೆ ಅಟ್ಟಿದೆ. ಚಿಕ್ಕಮ್ಮನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿದೆ.

"ಅಷ್ಟು ದೊಡ್ಡ ಕಲ್ಲು, ಒಬ್ಬಳೇ ಹೇಗೆ ಬೀಸ್ತೀಯಕ್ಕಾ?"

"ನಿನಗಿಂತ ಚೆನ್ನಾಗಿ ಬೀಸ್ತೀನಿ. ಬಸ್ ಹತ್ತು."

ಮುಖ ಸಣ್ಣದು ಮಾಡಿಕೊಂಡು ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು. ನಾನು ಬೀಸಲಿಲ್ಲ. ಬೀಸಿದ್ದರೆ ಅತ್ತುಬಿಡುತ್ತಿದ್ದೆ.

ಬೆಳಿಗ್ಗೆ ಎಂಟು

ಬೀಸಲು ಕೂತೆ. ಒಬ್ಬಳಿಗೆ ಕಲ್ಲು ಜಗ್ಗಲಿಲ್ಲ. ಬೆನ್ನು ಮುರಿಯಿತು. ದೇವರೇ ಸ್ವಲ್ಪ ಸಹಾಯ ಮಾಡಪ್ಪ ಅಂದೆ, ಮಾತಿಗೆ ಅನ್ನುವ ಹಾಗೆ.

ಕಲ್ಲು ಹಗುರವಾಯಿತು. ತಲೆ ಎತ್ತಿದರೆ ಎದುರಿನ ಗೂಟ ಹಿಡಿದು ಅವಳು ಕೂತಿದ್ದಾಳೆ. ಮಂಗಳವಾರದವಳು. ಒಳಗಿನಿಂದ ಚಿಲಕ ಹಾಕಿದ್ದೆ. ಈಗಲೂ ಹಾಕಿಯೇ ಇದೆ.

ನಾನು ಗೂಟ ಬಿಡಲಿಲ್ಲ. ಕಲ್ಲು ತಿರುಗುತ್ತಲೇ ಇತ್ತು.

"ತಂಗಿ ಎಲ್ಲಮ್ಮಾ?"

"ಊರಲ್ಲಿಲ್ಲ."

"ಬರ್ತಾಳೆ" ಅಂದಳು.

ಆಗಲೇ ಫೋನ್ ಬಡಿದುಕೊಂಡಿತು. ತಂಗಿ. ಚಿಕ್ಕಮ್ಮ ಗಟ್ಟಿಮುಟ್ಟಾಗಿ ಬಟ್ಟೆ ಒಗೆಯುತ್ತಿದ್ದಾರಂತೆ, ನನ್ನ ಸುಳ್ಳು ಗೊತ್ತಾಗಿದೆ. "ಕೋಪ ಇಲ್ಲ ಕಣಕ್ಕಾ. ನೀನು ಒಬ್ಬಳೇ ಒದ್ದಾಡ್ತಿರ್ತೀಯ ಅಂತ ನಿದ್ದೇನೇ ಬರ್ಲಿಲ್ಲ. ಬಸ್ ಹತ್ತಿದೀನಿ. ಬಂದು ಕೂತ್ಕೋತೀನಿ, ನೀನು ಏಳು."

ಬರಬೇಡ ಅಂತ ಕಿರುಚಿದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕಟ್ ಆಯಿತು. ತಿರುಗಿ ಮಾಡಿದೆ, ಎತ್ತುತ್ತಿಲ್ಲ.

ಓಡಿಹೋಗಬಹುದು. ಚಿಲಕ ಎರಡು ಹೆಜ್ಜೆ. ಆದರೆ ನಾನು ಎದ್ದರೆ ಈ ಗೂಟ ಖಾಲಿ. ತಂಗಿ ಬಂದವಳೇ ಚಪ್ಪಲಿಯನ್ನೂ ಬಿಡದೆ ಇಲ್ಲೇ ಕೂರುತ್ತಾಳೆ. ನನಗೆ ಗೊತ್ತು ಅವಳು.

ಈ ಕಲ್ಲಿಗೆ ಇಬ್ಬರು ಸಾಕು. ನಾವಿಬ್ಬರೇ ಸಾಕು.

"ಅವಳು ಬರೋದ್ರೊಳಗೆ ಮುಗಿಸೋಣ" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಮೊದಲ ಸಲ ನಕ್ಕಳು. "ಒಯ್ಯೋದು ಅವಳನ್ನೇ ಅಂತ ನಿನಗೆ ಯಾರು ಹೇಳಿದ್ರು?"

ಒಂಬತ್ತಾಗುತ್ತ ಬಂತು

ಇನ್ನೂ ಸ್ವಲ್ಪ ಬರೆಯಬೇಕು ಅಂದೆ. "ಬರ್ಕೋ, ನಾನು ತಿರುಗಿಸ್ತಿರ್ತೀನಿ" ಅಂದಳು. ಒಬ್ಬಳೇ ತಿರುಗಿಸುತ್ತಿದ್ದಾಳೆ, ಗಾಳಿ ತಿರುಗಿಸಿದಷ್ಟು ಸಲೀಸಾಗಿ. ಮೊರದಲ್ಲಿ ಇನ್ನು ಒಂದೇ ಹಿಡಿ ಗೋಧಿ.

ಹೆದರಿಕೆಯಾಗುತ್ತಿದೆ. ಬರೆಯುವುದಕ್ಕೆ ನಾಚಿಕೆಯಿಲ್ಲ, ಬಹಳ ಹೆದರಿಕೆ. ಇಷ್ಟು ದಿನ ಓದಿದ್ದನ್ನೆಲ್ಲ ಬದುಕುತ್ತೇನೆ ಅಂತ ಬರೆದೆ. ದರ್ಜಿಗೆ ಒಂದು ಊಟ ಹಾಕಿ ಕೈ ತೊಳೆದುಕೊಂಡೆ. ಇವತ್ತಿನದನ್ನು ಬದುಕುವುದೆಂದರೆ ಏಳದೆ ಕೂರುವುದು, ಅಷ್ಟೇ.

ಬಸ್ ನಿಂತ ಸದ್ದು. ಕೊನೆಯ ಹಿಡಿಯನ್ನು ಅವಳು ಕಲ್ಲಿಗೆ ಹಾಕಿದಳು. ನನ್ನ ಕಡೆ ಕೈ ಚಾಚಿದ್ದಾಳೆ.

ತಂಗೀ, ಹಿಟ್ಟು ಇನ್ನೂ ಬೆಚ್ಚಗಿರುತ್ತದೆ, ಆರಿದ ಮೇಲೆ ಜರಡಿ ಹಿಡಿ. ಒಬ್ಬಳೇ ಉಣ್ಣಬೇಡ, ದರ್ಜಿಯನ್ನು ಕರೆ. ನಿನ್ನನ್ನು ದಿನಾ ಗದರಿಸಿದೆನಲ್ಲ, ಅದು ನಿನ್ನ ಮೇಲಿನ ಕೋಪ ಅಲ್ಲ ಕಣೇ, ಅದು