ಇಲ್ಲೇ, ಆ ತಿರುವು ದಾಟಿದರೆ

ಅಕ್ಕಾ,

ಇವತ್ತು ಒಬ್ಬರಿಗೆ ನಿಜ ಹೇಳಿದೆ.

ಕೋಟೆಗೆ ಕರೆದೊಯ್ಯುತ್ತಿದ್ದ ಗುಂಪಿನಲ್ಲಿ ನಿನ್ನ ವಯಸ್ಸಿನವರೊಬ್ಬರಿದ್ದರು. ಕಾಡು ಮುಗಿದು ಕಡಿದಾದ ಏರು ಶುರುವಾಗುವಲ್ಲಿ, ಆ ದೊಡ್ಡ ಬಂಡೆಯ ಹತ್ತಿರ ನಿಂತು, "ಇನ್ನೆಷ್ಟು ದೂರಪ್ಪ?" ಎಂದು ಕೇಳಿದರು.

ನಮ್ಮಂಥ ಗೈಡುಗಳ ಬಾಯಲ್ಲಿ ಇದಕ್ಕೆ ಒಂದೇ ಉತ್ತರ: "ಇಲ್ಲೇ, ಆ ತಿರುವು ದಾಟಿದ್ರೆ ಬಂತು." ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಇನ್ನೂ ಅರ್ಧ ದಾರಿ ಇದೆ ಅಮ್ಮಾ. ಮುಂದೆ ಬರೀ ಏರು."

"ಸದ್ಯ, ಹೇಳಿದ್ಯಲ್ಲ," ಎಂದು ನಕ್ಕು ಅಲ್ಲೇ ಕೂತುಬಿಟ್ಟರು. "ನೀವು ಹೋಗ್ಬನ್ನಿ. ನಾನು ಬರ್ಲಿಲ್ಲ ಅಂತ ನಿಮ್ಮ ರಾಜ ಏನೂ ಬೇಜಾರು ಮಾಡ್ಕೊಳ್ಳಲ್ಲ."

ನಾವು ಇಳಿದು ಬಂದಾಗ ಶೂ ಬಿಚ್ಚಿಟ್ಟು, ಕಾಲು ಚಾಚಿ ಆರಾಮಾಗಿ ಕೂತಿದ್ದರು. ನನಗೂ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಇಷ್ಟು ವರ್ಷ ಓಡಾಡಿದರೂ ಆ ಬಂಡೆಯ ಮೇಲೆ ನಾನು ಕೂತವನೇ ಅಲ್ಲ. ಅಲ್ಲಿಂದ ಕಣಿವೆಯ ಹೊಳೆ ಇಡಿಯಾಗಿ ಕಾಣುತ್ತದೆ ಅಕ್ಕಾ.

ನೀನು ನೋಡಬೇಕೆಂದಿದ್ದದ್ದು ಹೊಳೆಯನ್ನು. ಕೋಟೆ ನನ್ನ ಹಟ.

ಅವತ್ತು ನಿನ್ನನ್ನು ಹೊತ್ತು ಇಳಿಸುವಾಗ ಆ ಬಂಡೆಯ ಹತ್ತಿರವೇ ನಾವು ನಾಲ್ವರು ಹೆಗಲು ಬದಲಿಸಿದ್ದು. ಬೆಳಿಗ್ಗೆ ಹತ್ತುವಾಗ ನೀನೂ ಅದಕ್ಕೇ ಒರಗಿಕೊಂಡು, ಇನ್ನೆಷ್ಟು ದೂರ ಅಂತಲೇ ಕೇಳಿದ್ದೆ. ನನ್ನ ಉತ್ತರ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ನೀನು ಅಂದದ್ದು ಇಷ್ಟೇ:

"ಇಲ್ಲೇನಾ? ಹಾಗಿದ್ರೆ ನಡಿ."