ಅವಳು ಮೂರು ಸಲ ಕೇಳಿದ್ದಳು

ತಮ್ಮನಿಗೆ ಅಕ್ಕನ ಆಶೀರ್ವಾದ.

ಇವತ್ತು ನನಗೆ ಉಪವಾಸ. ನೀರು ತುಂಬಿಟ್ಟು, ಅಂಗಳ ಗುಡಿಸಿ, ಬಟ್ಟೆ ಒಣಗಹಾಕಿ, ದೇವರಿಗೆ ದೀಪ ಹಚ್ಚಿ ಈ ಕಾಗದಕ್ಕೆ ಕೂತಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಕಾಲುನೋವಿನ ಮಾತಾಡಿ ಇಟ್ಟುಬಿಡುತ್ತೀಯ. ನನ್ನದು ಊರ ಶಾಲೆಯ ಅಕ್ಷರ, ತಪ್ಪಿದ್ದಲ್ಲಿ ಹೊಂದಿಸಿಕೊಂಡು ಓದು.

ಹೋದ ವಾರ ಆ ಹುಡುಗಿಯ ಅಪ್ಪ ನಮ್ಮ ಮನೆಗೆ ಬಂದಿದ್ದರು. ನಿನ್ನ ಪಕ್ಕದ ಸೀಟಿನಲ್ಲಿ ಕೂತು ವಿಮಾನ ಹಾರಿಸುತ್ತಿದ್ದ, ಈಗ ಇಲ್ಲದ ಹುಡುಗಿ. ಅವರು ದರ್ಜಿ. ಕುರ್ಚಿ ಕೊಟ್ಟರೆ ಅಂಚಿನಲ್ಲಿ ಕೂತರು. ಕಾಕ್‌ಪಿಟ್ಟಿನಲ್ಲಿ ನೀವಿಬ್ಬರು ಆಡಿದ ಮಾತಿನ ರೆಕಾರ್ಡನ್ನು ವಿಚಾರಣೆಯವರು ಅವರಿಗೆ ಕೇಳಿಸಿದರಂತೆ. ಪೂರ್ತಿ ಬಾಯಿಪಾಠ ಆಗಿಹೋಗಿದೆ ಅವರಿಗೆ.

“ಸರ್, ಸ್ಪೀಡ್ ಸ್ವಲ್ಪ ಜಾಸ್ತಿ ಇದೆಯಾ ಸರ್?” ಎಂದಳಂತೆ ಮಗಳು. “ಇದು ನಿಮ್ಮಪ್ಪನ ಹೊಲಿಗೆ ಮಷಿನ್ ಅಲ್ಲಮ್ಮಾ, ಸ್ವಲ್ಪ ಓಡ್ಲಿ ಬಿಡು” ಎಂದೆಯಂತೆ ನೀನು. “ಸರ್, ಇನ್ನೂ ಎತ್ತರದಲ್ಲೇ ಇದೀವಿ ಅನ್ಸುತ್ತೆ, ಅಲ್ವಾ ಸರ್?” “ನೋಡ್ತಾ ಇರು, ಕಲ್ತ್ಕೊ.” “ಸರ್, ಇನ್ನೊಂದು ಸುತ್ತು ಹಾಕ್ಕೊಂಡು ಬರೋಣ್ವಾ ಸರ್?” ನೀನು ಇಳಿಸುತ್ತಲೇ ಹೋದೆಯಂತೆ. ಹೊಲಿಗೆ ಮಷಿನ್ನಿನ ಮಾತನ್ನು ಆ ಮನುಷ್ಯ ನನ್ನೆದುರು ಒಂದು ಅಕ್ಷರ ಬಿಡದೆ ಹೇಳಿದರು. ಹೇಳುವಾಗ ಸಿಟ್ಟೂ ಇರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ರನ್‌ವೇ ಅರ್ಧ ಮುಗಿದ ಮೇಲೆ ಚಕ್ರ ನೆಲ ಮುಟ್ಟಿತು, ಬ್ರೇಕು ಸಾಲಲಿಲ್ಲ, ವಿಮಾನ ಕೊನೆಯ ಗೋಡೆಗೆ ಅವಳ ಕಡೆಯಿಂದಲೇ ಬಡಿಯಿತು. ಹಿಂದೆ ಕೂತವರೆಲ್ಲ ಬದುಕಿ ಮನೆ ಸೇರಿದರು, ನಿನ್ನ ಕಾಲು ಮುರಿಯಿತು, ಅವಳೊಬ್ಬಳು ಹೋದಳು. ಈಗ ಪೇಪರಿನವರು, ಎಲ್ಲರನ್ನೂ ಉಳಿಸಿದವನು ನೀನು, ಬಾಯಿಬಿಟ್ಟು ಎಚ್ಚರಿಸದೆ ಕೂತವಳು ಅವಳು ಎಂದು ಬರೆದಿದ್ದಾರೆ. “ಗೋ ಅರೌಂಡ್ ಅನ್ನೋ ಮಾತು ಅವಳ ಬಾಯಿಂದ ಬರ್ಲೇ ಇಲ್ಲ ಅಕ್ಕಾ” ಎಂದು ಆಸ್ಪತ್ರೆಯಲ್ಲಿ ನೀನೂ ಹೇಳಿದೆ.

ಆ ಮಾತನ್ನು ನನಗೆ ಕಲಿಸಿದವನು ನೀನೇ. ನಮ್ಮ ಮನೆಯಲ್ಲಿ ಉಣ್ಣುತ್ತಾ, ತಟ್ಟೆಯ ಮೇಲೆ ಚಮಚ ಇಳಿಸಿ ತೋರಿಸಿದ್ದೆ. ಇಳಿಯುವ ಹೊತ್ತಿಗೆ ವೇಗ, ಎತ್ತರ ಹದಕ್ಕೆ ಬಂದಿರದಿದ್ದರೆ ಇಳಿಯಬಾರದು, ಇಬ್ಬರಲ್ಲಿ ಯಾರೇ ‘ಗೋ ಅರೌಂಡ್’ ಅಂದರೂ ಇನ್ನೊಬ್ಬರು ಮರುಮಾತಿಲ್ಲದೆ ವಿಮಾನ ಮೇಲಕ್ಕೆತ್ತಿ ಇನ್ನೊಂದು ಸುತ್ತು ಹಾಕಿ ಬರಬೇಕು ಎಂದೆ. “ಚಿಕ್ಕೋರು ಹೇಳಿದ್ರೂನಾ?” ಎಂದು ನಾನು ಕೇಳಿದೆ. “ಅಲ್ಲಿ ಚಿಕ್ಕೋರು ದೊಡ್ಡೋರು ಇಲ್ಲ ಅಕ್ಕಾ” ಅಂದೆ ನೀನು. ಕೈ ತೊಳೆಯುವಷ್ಟರಲ್ಲಿ, ಕೆಲಸದ ಕಡೆ ನಿನ್ನನ್ನು ‘ಒಂದೇ ಸಲ ಸಾಹೇಬ್ರು’ ಅಂತಾರೆ, ಎಷ್ಟೋ ವರ್ಷದಿಂದ ನೀನು ಎರಡನೇ ಸಲ ಸುತ್ತಿ ಬಂದವನಲ್ಲ ಎಂದೂ ಹೇಳಿ ಎದೆ ಉಬ್ಬಿಸಿದೆ.

ಅವಳು ಆ ಎರಡು ಪದ ಆಡಲಿಲ್ಲ, ನಿಜ. ಹೆದರಿಕೊಂಡು, ಮಾತಿಗೆ ಎರಡು ಸಲ ಸರ್ ಸೇರಿಸಿ, ಪ್ರಶ್ನೆ ಮಾಡಿ ಕೇಳಿದಳು. ಅದು ನಿನಗೆ ಅರ್ಥವಾಗಲಿಲ್ಲ ಎಂದು ಜಗತ್ತು ನಂಬಲಿ. ನಾನು ಹೇಗೆ ನಂಬಲಿ ಹೇಳು? ಹಿಟ್ಟು ಮುಗಿದಿದೆ ಎಂದು ಅಮ್ಮ ಯಾವತ್ತಾದರೂ ನೇರವಾಗಿ ಹೇಳಿದ್ದುಂಟಾ? “ಅಂಗಡಿ ಇನ್ನೂ ತೆಗೆದಿರುತ್ತೇನೋ” ಎಂದು ಗೋಡೆಗೆ ಹೇಳುತ್ತಿದ್ದಳು, ನೀನು ಚಪ್ಪಲಿ ಮೆಟ್ಟುತ್ತಿದ್ದೆ. ಮದುವೆಯಾದ ವರ್ಷ ನಾನು ನಿನಗೆ ಬರೆದದ್ದು ಎರಡೇ ಸಾಲು: ಎಲ್ಲ ಕ್ಷೇಮ, ಇಲ್ಲಿ ಚಳಿ ಜಾಸ್ತಿ. ಮೀಸೆ ಮೂಡದ ಹುಡುಗ ನೀನು, ಸಿಕ್ಕಿದ ಬಸ್ಸು ಹತ್ತಿ ಬಂದು, ಬಾಗಿಲಲ್ಲಿ ನಿಂತು, “ಭಾವಾ, ಅಕ್ಕನ್ನ ಕರ್ಕೊಂಡು ಹೋಗ್ತೀನಿ” ಅಂದೆ. ಏನಾಯಿತೆಂದು ಆಗಲೂ ಕೇಳಲಿಲ್ಲ, ಈವರೆಗೂ ಕೇಳಿಲ್ಲ. ಚಳಿ ಅಂದರೆ ಏಟು ಎಂದು ತಿಳಿದವನಿಗೆ, ಇನ್ನೊಂದು ಸುತ್ತು ಹಾಕೋಣ್ವಾ ಅಂದರೆ ಏನೆಂದು ತಿಳಿಯಲಿಲ್ಲವೇ?

ದರ್ಜಿ ಕೇಳಿದ್ದು ಇಷ್ಟೇ. “ನಿಮ್ಮ ಮಗಳು ಹೇಳಿದ್ದು ನಂಗೆ ಅರ್ಥ ಆಗಿತ್ತು ಅಂತ ಸಾಹೇಬ್ರು ಒಂದು ಸಾಲು ಬರ್ಕೊಟ್ರೆ ಸಾಕಮ್ಮಾ. ಕೋರ್ಟಿಗೆ ಒಯ್ಯಲ್ಲ, ಯಾರಿಗೂ ತೋರ್ಸಲ್ಲ. ನಮ್ಮನೆಯವಳಿಗೆ ಓದಿ ಹೇಳ್ತೀನಿ. ಬಾಯಿದ್ದೂ ಸತ್ಲಲ್ಲಾ ಅಂತ ಅವಳು ಗೋಡೆಗೆ ತಲೆ ಬಡ್ಕೋತಾಳೆ.”

ನೀನು ಬರೆಯುವುದಿಲ್ಲ ಎಂದು ನನಗೆ ಗೊತ್ತು. ಬರೆದರೆ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ಜೈಲೂ ಆಗಬಹುದು. ನಿನ್ನ ಮನಸ್ಸು ತಿರುಗಲಿ ಎಂದು ದೇವರಲ್ಲಿ ಬೇಡುವುದನ್ನೂ ನಿಲ್ಲಿಸಿದ್ದೇನೆ. ಆ ತಾಯಿಗೆ ಒಂದಿಷ್ಟು ನಿದ್ದೆ ಕೊಡಪ್ಪಾ ಅಂತ ಮಾತ್ರ ಬೇಡುತ್ತೇನೆ, ಅದೂ ಅವನ ಕಿವಿಗೆ ಬಿದ್ದಂತಿಲ್ಲ. ಇಷ್ಟಾದರೂ ನೀನು ನನ್ನ ತಮ್ಮನೇ. ನಿನ್ನ ಕಾಲು ಬೇಗ ಕೂಡಲಿ, ದೇವರು ನಿನ್ನನ್ನು ಕೈಬಿಡದಿರಲಿ.

ಈ ಕಾಗದವನ್ನು ಅಂಚೆಗೆ ಹಾಕಿಲ್ಲ. ತಂದವರು ಆ ದರ್ಜಿಯೇ, ನಿನ್ನ ಗೇಟಿನ ಹತ್ತಿರ ಇದ್ದಾರೆ. ಕಾಯಬೇಡಿ ಅಂದೆ, ಕೇಳಲಿಲ್ಲ. ಒಳಗೆ ಕರೆದು ಕೂರಿಸು ಎನ್ನುವುದಿಲ್ಲ. ನನಗೆ ಉತ್ತರ ಬರೆದರೆ ಅವರ ಕೈಗೇ ಕೊಡು. ಇದನ್ನು ಒಯ್ದು, ಉತ್ತರ ತಂದುಕೊಡಿ ಎಂದು ಅವರನ್ನೇ ಕೇಳಿಕೊಂಡಿದ್ದೇನೆ.

ನಿನ್ನ ಅಕ್ಕ