ಗಂಡನಿಲ್ಲದ ಬಾಣಂತಿಯರು

ಮೂವತ್ತು ವರ್ಷ ಹೆರಿಗೆ ವಾರ್ಡು ಆಳಿದ ಸೋದರತ್ತೆಗೆ, ಗಾಜಿನ ಮನೆಯ ಮೆಣಸಿನ ಗಿಡಗಳ ಕಾವಲುಗಾರನ ಸಾಷ್ಟಾಂಗ ನಮಸ್ಕಾರ.

ಅತ್ತೆ, ನಿನ್ನ ದಾಖಲೆ ಮುರಿದುಹೋಯಿತು! ಕೆಲಸಕ್ಕೆ ಬಂದ ವಾರವೇ ಎಲೆಯ ಮೇಲೆ ರಸ ಹೀರುವ ಒಂದು ಹಸಿರು ಹೇನು ಕಂಡೆ. ಗಂಡನಿಲ್ಲದ ಒಂಟಿ ಹೆಂಗಸು, ಏನು ಮಾಡಿಯಾಳು ಪಾಪ ಎಂದು ಸುಮ್ಮನೆ ಬಿಟ್ಟೆ. ಈ ಜಾತಿಗೆ ಗಂಡೇ ಬೇಕಿಲ್ಲವಂತೆ! ದಿನಕ್ಕೆ ನಾಲ್ಕೈದು ಹೆಣ್ಣುಮಕ್ಕಳು, ಅವೂ ಹುಟ್ಟುವಾಗಲೇ ಬಸುರಿ. ಹದಿನೈದು ದಿನಕ್ಕೆ ಮರಿಮಕ್ಕಳು. ಗಿಡಕ್ಕೆ ಗಿಡವೇ ಬಾಣಂತಿ ಕೋಣೆ.

"ಒಂದೇ ಅಂತ ಬಿಟ್ಟೆಯೇನೋ, ಪುಣ್ಯಾತ್ಮ?" ಎಂದು ತೋಟದ ಯಜಮಾನಿ ತಲೆ ಚಚ್ಚಿಕೊಂಡು, ಹೇನು ತಿನ್ನುವ ಗುಲಗಂಜಿ ಹುಳುಗಳ ಡಬ್ಬಿ ಬಿಚ್ಚಿದರು. "ಇವು ತಿಂದು ಮುಗಿಸಿದ್ರೆ ನಿನ್ನ ಕೆಲಸ ಉಳೀತು."

ಇವತ್ತು ನೋಡಿದರೆ ಅವೂ ತಿನ್ನುವುದು ಬಿಟ್ಟು ಮೊಟ್ಟೆ ಇಡುತ್ತ ಕೂತಿವೆ! ನಾನು ಗಂಟುಮೂಟೆ ಕಟ್ಟಲು ಹೊರಟೆ. ಯಜಮಾನಿ ಬಿದ್ದು ಬಿದ್ದು ನಕ್ಕರು: "ನಿಲ್ಲೋ ಮಾರಾಯ! ಅಪ್ಪ-ಅಮ್ಮನಿಗಿಂತ ಮರಿಗಳೇ ಹೊಟ್ಟೆಬಾಕರು. ಮೊಟ್ಟೆ ಒಡೆಯೋವರೆಗೂ ನೀನೇ ಕಾಯಬೇಕು."

ಕೆಮ್ಮು ವಾಸಿಯಾಗಿದೆ, ಊಟಕ್ಕೆ ತೊಂದರೆಯಿಲ್ಲ. ಮನೆತನದ ಕಸುಬೂ ಕೈಬಿಡಲಿಲ್ಲ.

ಇಂತಿ ಅವಸರದಲ್ಲಿ,
ಇನ್ನೂರು ಮೊಟ್ಟೆಗಳ ಸೂಲಗಿತ್ತಿ,
ನಿನ್ನ ಅಳಿಯ